ಮಾವನವರಿಗೆ ಶ್ವಾಸಕೋಶದ ಪಾಠ

ಉಸಿರಾಟದ ವಿಷಯದಲ್ಲಿ ಇಡೀ ನಿಪ್ಪಾಣಿಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಹೈಸ್ಕೂಲಿನ ವಿಜ್ಞಾನ ಮಾಸ್ತರ ನಾನು! ಮೂಗಿನಿಂದ ಹೊಕ್ಕ ಗಾಳಿ ಶ್ವಾಸನಾಳ ಇಳಿದು, ಎರಡು ಕವಲಾಗಿ, ದ್ರಾಕ್ಷಿ ಗೊಂಚಲಿನಂಥ ಗಾಳಿಚೀಲಗಳನ್ನು ತುಂಬುವ ಕಥೆಯನ್ನು ನಿದ್ದೆಯಲ್ಲೂ ಹೇಳಬಲ್ಲೆ. ೧೯೮೮ರ ಬೇಸಿಗೆಯಲ್ಲಿ ಈ ವಿದ್ಯೆಯನ್ನು ಮಾವನವರ ಮೇಲೆ ಪ್ರಯೋಗಿಸುವ ಸಂಕಲ್ಪ ಮಾಡಿದೆ.

ಮಾವ ಮುರಗೆಪ್ಪನವರು ಕೊಗನೊಳ್ಳಿಯ ತಂಬಾಕು ಬೆಳೆಗಾರರು. ಅವರಿಂದ ತಂಬಾಕು ಬಿಡಿಸಿ ಕಬ್ಬು ಹಾಕಿಸುತ್ತೇನೆಂದು ಸ್ಟಾಫ್ ರೂಮಿನಲ್ಲಿ ಸಾರಿಬಿಟ್ಟಿದ್ದೆ. ಒಂದೇ ತೊಡಕೆಂದರೆ, ನಾನೇ ಗುಟ್ಟಾಗಿ ಬೀಡಿ ಸೇದುತ್ತಿದ್ದೆ. ನಿರ್ವ್ಯಸನಿ ವರ ಎಂದೇ ಅವರು ಮಗಳನ್ನು ಕೊಟ್ಟಿದ್ದರು. ಗೊತ್ತಾದರೆ ನನ್ನ ಮಾನ ಮೂರು ಕಾಸಿಗೆ ಹರಾಜು! ಹೆಂಡತಿ ಗಿರಿಜವ್ವನಿಗೂ ಗೊತ್ತಿಲ್ಲವೆಂದು ನಾನು ನಂಬಿದ್ದೆ.

ಮಾವ ನಮ್ಮ ಮನೆಗೆ ಬರಲಿದ್ದ ಭಾನುವಾರ ಪಡಸಾಲೆಯ ಗೋಡೆಗೆ ಶಾಲೆಯ ಶ್ವಾಸಕೋಶದ ನಕ್ಷೆ ತೂಗುಹಾಕಿ, ಧೈರ್ಯಕ್ಕಿರಲೆಂದು ಹಿತ್ತಲಿಗೆ ಹೋಗಿ ಬೀಡಿ ಹಚ್ಚಿದೆ. ದೊಡ್ಡದೊಂದು ದಮ್ಮು ಎಳೆದೆನೋ ಇಲ್ಲವೋ, “ಅಳಿಯಂದ್ರು ಎಲ್ಲಿ ಅದಾರ?” ಎನ್ನುತ್ತ ಮಾವ ಹಿತ್ತಲ ಬಾಗಿಲಿಗೇ ಬಂದರು! ಬೀಡಿಯನ್ನು ಮುಸುರೆ ನೀರಿಗೆ ಎಸೆದೆ. ಹೊಗೆ ಮಾತ್ರ ನನ್ನೊಳಗೇ ಉಳಿಯಿತು.

ಮಾವ ಪ್ರೀತಿಯಿಂದ ಕೈಹಿಡಿದು ಪಡಸಾಲೆಗೆ ಕರೆತಂದು, ನಕ್ಷೆಯಲ್ಲಿರುವುದು ಏನೆಂದು ಕೇಳಿದರು. ತುಟಿ ಬಿಗಿದುಕೊಂಡೇ ಕೋಲಿನಿಂದ ಶ್ವಾಸನಾಳ ತೋರಿಸಿದೆ. ಕವಲು ತೋರಿಸಿದೆ. ಗಾಳಿಚೀಲ ತೋರಿಸುವಷ್ಟರಲ್ಲಿ ಕಣ್ಣಲ್ಲಿ ನೀರಾಡಿತು. ಅಳಿಯನ ಭಕ್ತಿ ಕಂಡು ಮಾವ ತಲೆದೂಗಿದರು.

ಅಷ್ಟರಲ್ಲಿ ಗಿರಿಜವ್ವ ಚಹಾ ತಂದಳು. ಕೆಂಪೇರಿದ ನನ್ನ ಮುಖವನ್ನು ಸಾವಕಾಶವಾಗಿ ನೋಡಿದಳು.

“ಒಳಗ ಹೋದ ಉಸಿರು ಹೊರಗ ಹೆಂಗ ಬರ್ತೈತಿ, ಅದನ್ನೂ ತೋರಸ್ರಿ,” ಎಂದಳು.

ಶ್ವಾಸಕೋಶದ ಕೆಳಗಿರುವ ವಪೆ ಎಂಬ ಉಸಿರಾಟದ ಸ್ನಾಯು ನನ್ನ ಆಜ್ಞೆಯನ್ನು ಧಿಕ್ಕರಿಸಿತು. ಕೆಮ್ಮು ಸಿಡಿದು, ಮೂಗು ಬಾಯಿ ಎರಡರಿಂದಲೂ ಹೊಗೆ ಹೊರಟು ನಕ್ಷೆಯನ್ನೇ ಮುಚ್ಚಿತು! ಇಷ್ಟು ಸ್ಪಷ್ಟವಾಗಿ ನಾನು ಎಂದೂ ಪಾಠ ಮಾಡಿರಲಿಲ್ಲ.

ಮಾವ ಕಣ್ಣುಮುಚ್ಚಿ, ಪೇಟೆಯಲ್ಲಿ ಎಲೆ ಪರೀಕ್ಷಿಸುವ ಹಾಗೆ ಮೂಸಿದರು.

“ಇದು ನಮ್ಮ ಹೊಲದ್ದಲ್ಲ.”

ನಾಚಿಕೆಯಿಂದ ಕುಗ್ಗಿಹೋದೆ. ಆದರೂ ಸ್ಟಾಫ್ ರೂಮು ನೆನಪಾಗಿ, ಕೆಮ್ಮುತ್ತಲೇ, “ಮಾವಾರ, ತಂಬಾಕ ಬಿಟ್ಟು ಕಬ್ಬ ಹಾಕ್ರಿ. ಎದಿಗೆ ಕೆಟ್ಟ ಅದು,” ಎಂದೆ.

ಮಾವ ಬಸಿಯಲ್ಲಿನ ಚಹಾ ಮುಗಿಸಿ ಮೀಸೆ ಒರೆಸಿಕೊಂಡರು.

“ಆತು. ನೀವು ಸೇದೂದು ಬಿಟ್ಟ ವರ್ಷ ನಾ ಬೆಳ್ಯೂದು ಬಿಡ್ತೀನಿ.”

ಈ ವರ್ಷವೂ ಕೊಗನೊಳ್ಳಿಯಲ್ಲಿ ಮಾವನವರ ತಂಬಾಕು ಸೊಗಸಾಗಿ ಬಂದಿದೆ.