ಯಾದಿಯ ಮೊದಲ ಸಾಲು

ಬಸಲಿಂಗಪ್ಪನ ಕಿರಾಣಿ ಅಂಗಡಿಯಿಂದ ದೇವರ ಹೆಸರಿಲ್ಲದೆ ಒಂದು ಚೀಟಿಯೂ ಹೊರಗೆ ಹೋಗುತ್ತಿರಲಿಲ್ಲ. ಕಾಲು ಕಿಲೋ ಸಕ್ಕರೆಯ ಚೀಟಿಯಾದರೂ ನೆತ್ತಿಯ ಮೇಲೆ 'ಶ್ರೀ ಕಾಳಿಕಾದೇವಿ ಪ್ರಸನ್ನ' ಎಂದಿರಲೇಬೇಕು. ಸಿರಸಂಗಿಯಲ್ಲಿ ಇದನ್ನು ಯಾರೂ ವಿಶೇಷವೆಂದು ಎಣಿಸಿರಲಿಲ್ಲ. ಆದರೆ ಆ ಮುಂಜಾನೆ ಅವನು ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಮಗ ಸಿದ್ಧಾರೂಢನ ಲ್ಯಾಪ್‌ಟಾಪಿನ ಹಿಂದೆ ಬಂದು ನಿಂತದ್ದೇ ತೊಂದರೆಗೆ ಮೂಲವಾಯಿತು.

ತಂದೆ ಮಗನ ನಡುವೆ ಒಂದು ಕರಾರಿತ್ತು. ರಾಚವ್ವನ ರೊಟ್ಟಿ ಸಂಘಕ್ಕೆಂದು ಸಿದ್ಧಾರೂಢ ಮಾಡುತ್ತಿದ್ದ ವೆಬ್‌ಸೈಟು ಸಂಜೆ ಬೈಲಹೊಂಗಲದ ವ್ಯಾಪಾರಿಗಳ ಮುಂದೆ ತೆರೆದುಕೊಂಡರೆ ಮೇಲಿನ ಖೋಲಿ ಅವನದು. ಅಲ್ಲೇ ಕುಳಿತು ಇದೇ ಕೆಲಸ ಮಾಡಿಕೊಂಡಿರಬಹುದು. ತೆರೆಯದಿದ್ದರೆ ನಾಳೆಯಿಂದ ಅಂಗಡಿಯ ಗಲ್ಲಾ. ಬೆಲ್ಲದ ನೊಣಗಳ ನಡುವೆ ತನ್ನ ತಲೆಗೂದಲು ನೆರೆಯುವುದನ್ನು ಸಿದ್ಧಾರೂಢ ಎಷ್ಟೋ ಸಲ ಕನಸಿನಲ್ಲಿ ಕಂಡಿದ್ದ.

"ಏನಪಾ ಅದು, ಬರ್ಯಾಕತ್ತಿದ್ದು?"

"ಯಾದಿ ಅಪ್ಪಾ. ವೆಬ್‌ಸೈಟ್ ಕಟ್ಟಾಕ ಒಂದ ಬಿಲ್ಡ್ ಟೂಲ್ ಬೇಕು. ಅದಕ್ಕ ಯಾವ್ಯಾವ ಪ್ಯಾಕೇಜ್ ತರಸಬೇಕಂತ ಇದರಾಗ ಬರದಿರತೈತಿ. ಇದನ್ನ ಓದಿ ಲ್ಯಾಪ್‌ಟಾಪ್ ತಾನ ತರಸ್ಕೋತೈತಿ."

"ಯಾದಿ ಅಂತಿ. ಮ್ಯಾಲ ದೇವರ ಹೆಸರ ಇಲ್ಲ."

ಸಿದ್ಧಾರೂಢ ವಾದಕ್ಕಿಳಿಯಲಿಲ್ಲ. ಜಾವಾಸ್ಕ್ರಿಪ್ಟಿನಲ್ಲಿ ಎರಡು ಓರೆಗೆರೆ ಎಳೆದು ಮುಂದೆ ಏನು ಬರೆದರೂ ಯಂತ್ರ ಅದನ್ನು ಓದದೆ ದಾಟುತ್ತದೆ ಎಂದು ಅವನು ಕಲಿತಿದ್ದ. ಹಾಗೇ ಯಾದಿಯ ನೆತ್ತಿಯ ಮೇಲೆ ಗೆರೆ ಎಳೆದು ದೇವಿಯ ಹೆಸರು ಬರೆದ. ಬಸಲಿಂಗಪ್ಪ ಪರದೆಗೆ ಕೈಮುಗಿದು ಅಂಗಡಿಗೆ ಇಳಿದುಹೋದ.

ಇನ್‌ಸ್ಟಾಲ್ ಮಾಡಿದೊಡನೆ ಪರದೆಯ ಮೇಲೆ ಕೆಂಪು ಅಕ್ಷರಗಳು ಮೂಡಿದವು. ಯಾದಿಯನ್ನು ಓದಲು ಬರುತ್ತಿಲ್ಲ ಎಂಬುದು ಅವುಗಳ ತಾತ್ಪರ್ಯ. ಸಿದ್ಧಾರೂಢ ಜೋಳದಲ್ಲಿ ಹರಳು ಆರಿಸುವವರಂತೆ ಒಂದೊಂದು ಅಲ್ಪವಿರಾಮವನ್ನೂ ಆರಿಸಿ ನೋಡಿದ. ಮೊದಲ ಸಾಲಿನ ಮೇಲೆ ಮಾತ್ರ ಕಣ್ಣು ನಿಲ್ಲಲಿಲ್ಲ. ಲಗ್ನಪತ್ರಿಕೆಯ ನೆತ್ತಿಯನ್ನು ಯಾರು ಓದುತ್ತಾರೆ?

ಅಷ್ಟರಲ್ಲಿ ಪಕ್ಕದ ಮೊಬೈಲ್ ರಿಪೇರಿಯ ಮಹಾದೇವ ಬಂದು ವೈದ್ಯನ ಗಾಂಭೀರ್ಯದಿಂದ ಪರದೆ ನೋಡಿದ.

"ನಿನ್ನ ಲ್ಯಾಪ್‌ಟಾಪಿನ್ಯಾಗಿನ 'ನೋಡ್' ಸಾಫ್ಟ್‌ವೇರ್ ಬಾಳ ಹೊಸಾದೈತಿ. ತಗದು ಹಳೇದ ಹಾಕು."

ಹಳೆಯದನ್ನು ಹಾಕಿದರೂ ಕೆಂಪು ಹೋಗಲಿಲ್ಲ.

"ಹಂಗಾರ ಬಾಳ ಹಳೇದಾತು. ನಡಕಿಂದ ಹಾಕು."

ನಡುವಿನದು ಅರ್ಧ ಇಳಿಯುವಷ್ಟರಲ್ಲಿ ಸಿದ್ಧಾರೂಢನ ಮೊಬೈಲಿನ ನೆಟ್ ಮುಗಿಯಿತು. ಮಹಾದೇವ ದೊಡ್ಡ ಮನಸ್ಸಿನಿಂದ ತನ್ನ ಹಾಟ್‌ಸ್ಪಾಟ್ ಕೊಟ್ಟ; ಫೋನು ಮಾತ್ರ ತನ್ನ ಕಿಸೆಯಲ್ಲೇ ಇರಬೇಕೆಂದ. ಇಳಿಹೊತ್ತಿನಲ್ಲಿ ಅವನಿಗೆ ಚಹಾ ನೆನಪಾಯಿತು. ಎದ್ದ. ನೆಟ್ಟೂ ಅವನ ಹಿಂದೆ ಎದ್ದು ಹೊರಟಿತು. ಸಿದ್ಧಾರೂಢ ತೆರೆದ ಲ್ಯಾಪ್‌ಟಾಪನ್ನು ಆರತಿ ತಟ್ಟೆಯಂತೆ ಎರಡೂ ಅಂಗೈಯಲ್ಲಿ ಹಿಡಿದು, ಮಹಾದೇವನಿಗೆ ಮೂರು ಮಾರು ಅಂತರ ಬಿಡದೆ, ಬಜಾರದ ನಡುವೆ ನಡೆದ.

"ಯಾರ ಪಾಲಕಿಪಾ ಇದು?" ಎಂದು ಕಟ್ಟೆಯ ಮೇಲಿದ್ದವರು ಕೇಳಿದರು.

ಚಹಾದಂಗಡಿಗೇ ರಾಚವ್ವ ಹುಡುಕಿಕೊಂಡು ಬಂದಳು. "ಸಿದ್ದಾ, ವ್ಯಾಪಾರಿ ಮಂದಿ ಮುರಗೋಡ ದಾಟ್ಯಾರಂತ. ನನ್ನ ರೊಟ್ಟಿ ಕಾಣತಾವ ಇಲ್ಲ?"

"ಯಾದಿ ಓದವಲ್ದು ಅತ್ತಿ, ಇದು."

ರಾಚವ್ವ ಬಗ್ಗಿ ನೋಡಿದಳು. "'ಶ್ರೀ ಕಾಳಿಕಾದೇವಿ ಪ್ರಸನ್ನ.' ಇದೊಂದ ನನಗ ಓದಾಕ ಬಂತು ನೋಡು. ಉಳಿದದ್ದೆಲ್ಲಾ ಕಾಗಿ ಕಾಲು ಗುಬ್ಬಿ ಕಾಲು."

ಸಿದ್ಧಾರೂಢ ಮೊದಲ ಸಾಲಿಗೆ ಕಣ್ಣು ಹೊರಳಿಸಿದ. ಅವಳಿಗೆ ಓದಲು ಬಂದದ್ದು ಅದೊಂದೇ ಸಾಲು. ಲ್ಯಾಪ್‌ಟಾಪಿಗೆ ಬಾರದ್ದೂ ಅದೊಂದೇ ಸಾಲು. ಓರೆಗೆರೆಯ ಸಲುಗೆ ಜಾವಾಸ್ಕ್ರಿಪ್ಟಿನದು, ಯಾದಿಯದಲ್ಲ. ಈ ಯಾದಿಯಲ್ಲಿ ಸಾಮಾನು ಬಿಟ್ಟು ಬೇರೆ ಅಕ್ಷರ ಬೀಳುವಂತಿರಲಿಲ್ಲ. ಅವನು ಗೋಡೆಯ ಕಡೆ ತಿರುಗಿ, "ತಪ್ಪಾತು ತಾಯಿ" ಎಂದು ಗೊಣಗಿ, ಯಾರಿಗೂ ಕಾಣದಂತೆ ಸಾಲು ಅಳಿಸಿದ.

ಪ್ಯಾಕೇಜುಗಳು ಒಂದರ ಹಿಂದೊಂದು ಇಳಿಯತೊಡಗಿದವು. ನಿಲ್ಲಲೇ ಇಲ್ಲ.

"ನಾಕ ರೊಟ್ಟಿ ತೋರಸಾಕ ಇಷ್ಟ ಮಂದಿ ಯಾಕೋ?" ಎಂದಳು ರಾಚವ್ವ.

"ಒಬ್ಬಾವನ್ನ ಕರದ್ರ ಅವ ಹತ್ತ ಮಂದೀನ ಕರಕೊಂಡ ಬರತಾನ ಅತ್ತಿ. ಅವರು ಬರಲಿಲ್ಲಂದ್ರ ಇವನೂ ಬರೂದಿಲ್ಲ."

"ನಮ್ಮ ಬೀಗರಂಗ ಅನ್ನು."

ಸಂಜೆ ಅಂಗಡಿಯ ಮುಂದೆ ವ್ಯಾಪಾರಿಗಳು ಕುಳಿತಾಗ ವೆಬ್‌ಸೈಟು ತೆರೆದುಕೊಂಡಿತು. ರಾಚವ್ವನ ರೊಟ್ಟಿಗಳು ಹುಣ್ಣಿಮೆಯ ಚಂದ್ರರಂತೆ ಸಾಲಾಗಿ ಕಂಡವು. ವ್ಯಾಪಾರಿಗಳು ತಲೆದೂಗಿದರು.

"ನಡಕಿಂದ ಹಾಕಿದ್ದಕ್ಕ ಆತು," ಎಂದ ಮಹಾದೇವ.

ಬಸಲಿಂಗಪ್ಪ ಮಗನನ್ನೇ ನೋಡಿದ. "ಖರೇ ಹೇಳು. ಯಾತರಿಂದ ಆತು?"

ಖರೆ ಮಾತು ಸಿದ್ಧಾರೂಢನ ಗಂಟಲವರೆಗೆ ಬಂದು, ತಂದೆಯ ಹಣೆಯ ವಿಭೂತಿ ನೋಡಿ, ಹಿಂದಕ್ಕೆ ಸರಿಯಿತು.

"ತಾಯಿ ದಯಾ, ಅಪ್ಪಾ."

ಬಸಲಿಂಗಪ್ಪನ ಕಣ್ಣುಗಳು ತೇವಗೊಂಡವು. "ಮುಂಜಾನೆ ಬರಸಿದ್ದು ಸುಳ್ಳಾಗಲಿಲ್ಲ ನೋಡ್ರಿ," ಎಂದು ವ್ಯಾಪಾರಿಗಳಿಗೆ ಹೇಳಿದ. ಆಮೇಲೆ ಮಗನ ಕಡೆ ತಿರುಗಿದ.

"ಸಿದ್ದಾ, ಖೋಲಿ ನಿಂದ ಆತು, ನಾ ಇಲ್ಲನ್ನೂದಿಲ್ಲ. ಆದ್ರ ಅಲ್ಲಿ ತಾಯಿ ಫೋಟೋ ಇಲ್ಲ. ಗಲ್ಲಾದ ಮ್ಯಾಲ ಐತಿ. ಆಕಿ ದಯಾದಿಂದ ನಡಿಯೂ ಕೆಲಸ ಆಕಿ ಬುಡಕ ಕುಂತ ಮಾಡೂದ ಚಲೋ. ನಾಳಿಂದ ಅಲ್ಲೇ ಕುಂದ್ರು. ಗಿರಾಕಿ ಬಂದ್ರ ಒಂದೀಟ ತೂಗಿ ಕೊಡು."

ಮರುದಿನ ಮುಂಜಾನೆ ಸಿದ್ಧಾರೂಢ ಗಲ್ಲಾದ ಮೇಲೆ ಕುಳಿತು, ಬೆಲ್ಲದ ನೊಣ ಓಡಿಸಿ, ಹೊಸ ಯಾದಿಯೊಂದನ್ನು ತೆರೆದ. ಹಿಂದಿನಿಂದ ವಿಭೂತಿಯ ವಾಸನೆ ಬಂತು.

"ಮೊದಲನೇ ಸಾಲು," ಎಂದ ಬಸಲಿಂಗಪ್ಪ.