ರೊಟ್ಟಿ ಮಣೆಯ ಬೆನ್ನ ಮೇಲೆ ಮೂರು ಹುಲಿ

ನೀಲಾಳಿಗೆ ಸಿಟ್ಟು ಬಂದಿತ್ತು. ಅದರಲ್ಲಿ ಹೊಸದೇನೂ ಇಲ್ಲ. ವಾಸ್ಕೋದ ಮಂಗೋರ್ ಹಿಲ್‌ನ ಆ ಮೆಟ್ಟಿಲು ಸಾಲಿನಲ್ಲಿ ಬಾಡಿಗೆಗಿರುವವರಿಗೆಲ್ಲ ಅವಳ ಸಿಟ್ಟು ನಲ್ಲಿ ನೀರಿಗಿಂತ ಹೆಚ್ಚು ನಿಯಮಿತವಾಗಿ ಬರುವ ವಸ್ತು. ಆದರೆ ಈ ಭಾನುವಾರದ ಸಿಟ್ಟಿನ ಜಾತಿಯೇ ಬೇರೆ. ಅವಳ ರೊಟ್ಟಿ ಬಡಿಯುವ ಮಣೆಯ ಬೆನ್ನ ಮೇಲೆ ಯಾರೋ ಉಳಿ ಹಿಡಿದು ಹುಲಿ-ಕುರಿ ಆಟದ ಮನೆ ಕೆತ್ತಿದ್ದರು!

ಅದು ಅಂತಿಂಥ ಮಣೆಯಲ್ಲ. ಮದುವೆಯಾಗಿ ಗೋವಾಕ್ಕೆ ಬರುವಾಗ ತಾಯಿ ಕೊಟ್ಟ ಸಾಗವಾನಿ ಮಣೆ. ಬರುವಾಗ ರೈಲಿನಲ್ಲಿ ಮಣೆಗೆ ಸೀಟು ಸಿಕ್ಕಿತ್ತು, ಹೊಸ ಗಂಡ ವಾಸ್ಕೋದವರೆಗೂ ನಿಂತೇ ಬಂದಿದ್ದ. (ಅಂದಿನಿಂದ ಮನೆಯಲ್ಲಿ ಇಬ್ಬರ ಸ್ಥಾನಮಾನವೂ ಹಾಗೇ ಉಳಿದಿದೆ.) ಬಂದರಿನ ಹುಡುಗರು ದಿನಾ ಸಂಜೆ ಒಯ್ಯುವ ನಲವತ್ತು ಜೋಳದ ರೊಟ್ಟಿ ಹುಟ್ಟುವುದು ಇದೇ ಮಣೆಯ ಮೇಲೆ.

ಆರೋಪಿಗಳು ಮೂವರೂ ಪಡಸಾಲೆಯಲ್ಲೇ ಕೂತಿದ್ದರು. ಗಂಡ ಲಕ್ಷ್ಮಪ್ಪ, ಬಂದರಿನಲ್ಲಿ ಹಮಾಲ. ಗೆಳೆಯ ಮುತ್ತು, ಬಡಿಗ. ಇನ್ನೊಬ್ಬ ಗೆಳೆಯ ದಸ್ತಗೀರ, ಎರಡು ಮನೆ ಆಚೆಯ ಟ್ರಕ್ ಡ್ರೈವರ್. ಮೂರು ವರ್ಷದಿಂದ ಭಾನುವಾರ ಬಂತೆಂದರೆ ಇವರ ಆಟ, ಅವಳ ಚಹಾ.

“ಏನ್ರೀ, ನನ್ನ ಮಣಿ ಬೆನ್ನಮ್ಯಾಲೆ ಬರಿ ಹಾಕಿದವರು ಯಾರು?”

ಲಕ್ಷ್ಮಪ್ಪ ಸೂರು ನೋಡಿದ. “ಹಿಂದಿನ ಮಗ್ಗಲಕ್ಕ ಅಲ್ಲೇನ ನೀಲಾ? ರೊಟ್ಟಿ ನೀ ಮುಂದಿನ ಮಗ್ಗಲಕ್ಕ ಬಡೀತಿ. ಬೆನ್ನ ಸುಮ್ಮನ ಖಾಲಿ ಬಿದ್ದಿತ್ತು.”

“ನಿಮ್ಮ ಬೆನ್ನೂ ಖಾಲಿ ಐತ್ಯಲ್ಲ? ಅದಕ್ಕೂ ಉಳಿ ಹಚ್ಚಸ್ಲೇನು?”

ಮುತ್ತು ಗಂಟಲು ಸರಿಮಾಡಿಕೊಂಡ. “ವೈನಿ, ನೆಲದ ಮ್ಯಾಲೆ ಸುಣ್ಣದ ಖಡುವಿನಿಂದ ಬರದ್ರ ನೀವು ಒರಸ್ತೀರಿ. ಅದಕ್ಕ ಲಕ್ಷ್ಮಪ್ಪಣ್ಣ, ಪರ್ಮನೆಂಟ್ ಮಾಡಿಬಿಡೋ ಅಂದ.”

“ಪರ್ಮನೆಂಟ್! ಹನ್ನೆರಡು ವರ್ಷ ಆತು, ನಮ್ಮವರ ಕೆಲಸ ಪರ್ಮನೆಂಟ್ ಆಗಿಲ್ಲ. ಆಟ ಪರ್ಮನೆಂಟ್ ಆತೇನು?”

ಇಲ್ಲಿಗೆ ಮೂವರೂ ಬಾಯಿ ಮುಚ್ಚಿಕೊಂಡಿದ್ದರೆ ಒಂದು ತಾಸು ಬೈಸಿಕೊಂಡು ಬಚಾವಾಗುತ್ತಿದ್ದರು. ಆದರೆ ದಸ್ತಗೀರನಿಗೆ ರಾಜಿ ಮಾಡಿಸುವ ಚಟ. “ಸಿಟ್ಟ ಬಿಡ್ರಿ ಭಾಬಿ. ಕುಂದರ್ರಿ, ನಿಮಗೂ ಕಲಸ್ತೇವಿ. ತಲಿ ಓಡಸೋ ಆಟ, ಹೆಣ್ಮಕ್ಕಳಿಗೆ ಸ್ವಲ್ಪ ವಜ್ಜ ಆಕ್ಕೈತಿ, ಆದರೂ...”

“ಕಲಸ್ತೀರಾ?” ನೀಲಾ ಸೆರಗು ಬಿಗಿದು ಸೊಂಟಕ್ಕೆ ಸಿಗಿಸಿದಳು. “ಮೂರು ವರ್ಷ ಒಲಿ ಮುಂದ ಕುಂತು ಕೇಳೇನಿ, ನಿಮಗಿಂತ ಚಲೋ ನನ್ನ ಕಿವಿ ಕಲತಾವ. ಹಚ್ಚರಿ ಆಟ. ಕುರಿ ನನ್ನವು, ಹುಲಿ ನಿಮ್ಮವು. ನೀವು ಗೆದ್ದರ ವಾರಕ್ಕ ಎರಡು ಸಲ ಚಹಾ, ಪಿಟ್ಟ ಅನ್ನಂಗಿಲ್ಲ. ನಾ ಗೆದ್ದರ ಈ ಆಟ ಇವತ್ತ ನನ್ನ ಹೊಸ್ತಿಲಾ ದಾಟಬೇಕು. ತಿರುಗಿ ಒಳಗ ಬಂದ್ರ ನಮ್ಮವ್ವನಾಣಿ!”

ಅವ್ವನ ಆಣೆ ಅಂದಮೇಲೆ ಮುಗಿಯಿತು. ಆ ಮನೆಯಲ್ಲಿ ಅದು ಸುಪ್ರೀಂ ಕೋರ್ಟಿನ ತೀರ್ಪು.

ಮೂರು ಗೇರುಬೀಜ ಹುಲಿಗಳಾದವು, ಹದಿನೈದು ಶೇಂಗಾ ಕುರಿಗಳಾದವು. ಕುರಿಯ ಹಿಂದಿನ ಮನೆ ಖಾಲಿಯಿದ್ದರೆ ಹುಲಿ ಅದನ್ನು ಹಾರಿ ತಿನ್ನುತ್ತದೆ. ಹುಲಿಗೆ ಅಲುಗಾಡಲು ಜಾಗವಿಲ್ಲದಂತೆ ಮಾಡಿದರೆ ಕುರಿ ಗೆದ್ದಂತೆ. (ಹುಲಿ ತಿಂದ ಶೇಂಗಾವನ್ನು ಇವರು ನಿಜವಾಗಿಯೂ ತಿನ್ನುತ್ತಿದ್ದರು. ಡಬ್ಬಿಯ ಶೇಂಗಾ ಎಲ್ಲಿ ಕರಗುತ್ತಿದೆ ಎಂದು ನೀಲಾಳಿಗೆ ಅಂದು ತಿಳಿಯಿತು. ಸಿಟ್ಟು ಇನ್ನೊಂದು ಮೆಟ್ಟಿಲು ಏರಿತು.)

ಗಂಡಸರು ತಮ್ಮ ಆಟದಲ್ಲಿ ಕುರಿ ಇಡುವಾಗ ಸದಾ ನಡುವಿಗೆ ನುಗ್ಗುತ್ತಿದ್ದರು. ನೀಲಾ ಅಂಚಿನಿಂದ ಶುರುಮಾಡಿದಳು. ಒಂದು ಕುರಿ ಇಟ್ಟರೆ ಅದರ ಬೆನ್ನಿಗೆ ಇನ್ನೊಂದು. ಹುಲಿ ಗುರ್ರೆಂದು ಎದುರು ನಿಂತರೂ ಹಾರಲು ಹಿಂದೆ ಜಾಗವಿಲ್ಲ. ಅವಳು ಹಲ್ಲು ಕಚ್ಚಿಕೊಂಡು ಶೇಂಗಾ ಸರಿಸಿದಳು. ಹೆಂಡತಿ ಬೈಯದೆ ಕೂತದ್ದನ್ನು ಮದುವೆಯಾದಾಗಿನಿಂದ ನೋಡದ ಲಕ್ಷ್ಮಪ್ಪ ಭಯಬಿದ್ದು ಒಂದು ಹುಲಿಯನ್ನು ಹಿಂದಕ್ಕೆ ಸರಿಸಿದ. ಮೊದಲ ಹುಲಿ ಮೂಲೆಯಲ್ಲಿ ಸಿಕ್ಕಿಬಿತ್ತು. ಎರಡನೆಯದನ್ನು ಬಿಡಿಸಲು ಹೋಗಿ ಮೂರನೆಯದೂ ಸಿಕ್ಕಿತು.

“ಖಲಾಸ್,” ಎಂದ ದಸ್ತಗೀರ, ಹೆಣ ಕಂಡವನ ದನಿಯಲ್ಲಿ.

“ಈಗ ಎತ್ತರಿ! ನಿಮ್ಮ ಆಟ ಹೊರಗ ನಡೀಲಿ!”

ಮೂವರೂ ಎದ್ದರು. ಲಕ್ಷ್ಮಪ್ಪ ಗೇರುಬೀಜ ಜೇಬಿಗೆ ಹಾಕಿದ, ದಸ್ತಗೀರ ಶೇಂಗಾ ಕಟ್ಟಿಕೊಂಡ, ಮುತ್ತು ಆಟದ ಮನೆಯನ್ನು ತಲೆಯ ಮೇಲೆ ಹೊತ್ತ. ಮೆರವಣಿಗೆ ದಸ್ತಗೀರನ ಮನೆಯತ್ತ ಹೊರಟಿತು. ನೀಲಾ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದಳು. ಎದೆ ಉಬ್ಬಿತ್ತು. ಇನ್ನು ಭಾನುವಾರವೆಂದರೆ ಅವಳಿಗೂ ಭಾನುವಾರ!

ಸಂಜೆ ಆರು ಗಂಟೆಗೆ ಬಿಸಿನೀರು ಹಾಕಿ ಹಿಟ್ಟು ನಾದಿದಳು. ಹಂಚು ಒಲೆಗೇರಿತು. ಮಣೆಗೆ ಕೈ ಚಾಚಿದಳು. ಕೈಗೆ ಗೋಡೆ ಸಿಕ್ಕಿತು.

ಆಗ ಅವಳಿಗೆ ಮುತ್ತುವಿನ ತಲೆಯ ಮೇಲಿದ್ದುದು ಏನೆಂದು ಹೊಳೆಯಿತು. ತವರಿನ ಮಣೆಯನ್ನು ತಾನೇ ಗೆದ್ದು, ತಾನೇ ಆಣೆಯಿಟ್ಟು, ತಾನೇ ಹೊರಗೆ ಹಾಕಿದ್ದಳು! ಯಾರನ್ನು ಬೈಯಬೇಕೆಂದು ತಿಳಿಯದೆ ಒಲೆಯನ್ನು ಬೈದು ಆರಿಸಿದಳು. ಹಿಟ್ಟಿನ ಬೋಗಾಣಿ ಸೊಂಟಕ್ಕೇರಿಸಿ ದಸ್ತಗೀರನ ಮನೆಗೆ ನಡೆದಳು. ಆಟ ಕೆತ್ತಿದ ಮಣೆಯನ್ನು ತರುವಂತಿಲ್ಲ ಸರಿ, ರೊಟ್ಟಿಯನ್ನು ಅಲ್ಲೇ ಬಡಿಯಬಾರದೆಂದು ಯಾವ ಆಣೆಯೂ ಇಲ್ಲವಲ್ಲ.

ಬಾಗಿಲಲ್ಲೇ ದಸ್ತಗೀರನ ಹೆಂಡತಿ ಜೈನಬ ಉರಿಯುತ್ತ ನಿಂತಿದ್ದಳು. “ಬಾರವ್ವಾ! ನಿಮ್ಮ ಮನಿ ಪೀಡಾ ನಮ್ಮ ಮನಿಗಿ ಕಳಿಸಿ, ಈಗ ಬೋಗಾಣಿ ಹೊತಗೊಂಡು ಬಂದೀ? ಮೂರನೇ ಸಲ ಚಹಾ ಆತು!”

ಒಳಗೆ ಆಟ ನಡೆದಿತ್ತು. “ಮಣಿ ಬಿಡ್ರಿ, ರೊಟ್ಟಿ ಬಡೀಬೇಕು,” ಎಂದಳು ನೀಲಾ.

“ಆಟ ಮುಗೀಲಿ ವೈನಿ,” ಎಂದ ಮುತ್ತು. “ಈಗ ಮಣಿ ಹೊಳ್ಳಿ ಹಾಕಿದ್ರ ಕುರಿ ಎಲ್ಲಾ ಚೆಲ್ಲಾಪಿಲ್ಲಿ ಆಕ್ಕಾವ.”

ಕಾದಳು. ಎರಡು ನಿಮಿಷ ಕಾದಳು. ಆದರೆ ಮುತ್ತು ಕುರಿ ಹಿಡಿದು ಮತ್ತೆ ನಡುವಿಗೇ ನುಗ್ಗುತ್ತಿದ್ದ, ನೋಡುವುದೇ ಹಿಂಸೆ. “ಥೂ ನಿನ್ನ! ಬೆನ್ನಿಗೆ ಕುರಿ ಇಲ್ಲದ ಮುಂದ ಹೋಕ್ಕಾರೇನೋ? ಸರಿ ಆಚೆ, ಲಗೂನ ಮುಗಿಸಿಬಿಡ್ತೇನಿ,” ಎಂದು ಬೋಗಾಣಿಯನ್ನು ಮಗ್ಗುಲಿಗಿಟ್ಟು ಕೂತೇಬಿಟ್ಟಳು.

ಲಗೂ ಮುಗಿಯಲಿಲ್ಲ. ಹುಲಿ ಹಿಡಿದ ದಸ್ತಗೀರ ಈ ಸಲ ಹುಷಾರಾಗಿದ್ದ. ಎಂಟಕ್ಕೆ ಬಂದರಿನ ಹುಡುಗರು ಹುಡುಕುತ್ತ ಬಂದರು. “ಅಕ್ಕಾರ, ರೊಟ್ಟಿ?” “ತಡೀರಿ!” ಎಂದಳು ತಲೆಯೆತ್ತದೆ. ಅವರು ಬೋಗಾಣಿಯಲ್ಲಿ ಬಿರುಕು ಬಿಟ್ಟ ಹಿಟ್ಟು ನೋಡಿ, ಮುಖ ಮುಖ ನೋಡಿಕೊಂಡು, ಬೇಕರಿಗೆ ಪಾವ್ ತರಲು ಇಳಿದುಹೋದರು.

ಹಸಿದ ಲಕ್ಷ್ಮಪ್ಪನಿಗೆ ಈಗ ಸಿಟ್ಟು ಬಂತು. ಮದುವೆಯಾದ ಮೇಲೆ ಮೊದಲ ಸಲ ಸರಿಯಾಗಿ ಬಂತು. “ಸಾಕ ಮಾಡ ನೀಲಾ! ಸಂಸಾರ ಐತೋ ಇಲ್ಲೋ? ಮನಿಗಿ ನಡಿ!”

ನೀಲಾ ಸರ್ರನೆ ತಿರುಗಿದಳು. “ಹ್ಯಾಂಗ ಬರ್ಲಿ? ಆಟ ಅರ್ಧಾ ಆಗೈತಿ, ಅಲ್ಲಿ ಒಯ್ದು ಮುಗಸೋಣ ಅಂದ್ರ ಅವ್ವನಾಣಿ ಐತಿ! ಆಣಿ ಮುರದು ನಮ್ಮವ್ವನ್ನ ಕೊಲ್ಲಲೇನು? ಹಸದ್ರ ನೀವೂ ಪಾವ್ ತಿನ್ನ ಹೋಗ್ರಿ!”

ಬೈಗುಳ ಇನ್ನೂ ಅರ್ಧ ಉಳಿದಿತ್ತು. ಅಷ್ಟರಲ್ಲಿ ಹಿಂದೆ ಕಟಂ ಎಂದು ಸದ್ದಾಯಿತು. ಬೈಯುವ ಭರದಲ್ಲಿ ಅವಳ ಮೊಣಕೈ ತಾಗಿ ಒಂದು ಕುರಿ ಇನ್ನೊಂದರ ಬೆನ್ನು ಬಿಟ್ಟು ಸರಿದಿತ್ತು. ದಸ್ತಗೀರನ ಹುಲಿ ಹಾರಿ ಕೂತಿತ್ತು, ದಸ್ತಗೀರ ಅವಳ ಶೇಂಗಾ ಅಗಿಯುತ್ತಿದ್ದ.