ಇಲ್ಲಿ ಗೋಡೆಯಿತ್ತು

ಜಪಾನಿನ ಒಂದು ಗುಡ್ಡದ ಮೇಲಿನ ಮಧ್ಯಯುಗದ ಕೋಟೆ ಈಗ ಅಲ್ಲಿ ಇಲ್ಲವೇ ಇಲ್ಲ. ಈ ಸಂಗತಿಯನ್ನು ನಮ್ಮ ಗಡಿಭಾಗದ ಕೋಟೆ ಸಂರಕ್ಷಣಾ ಸಮಿತಿಯ ಅಧ್ಯಕ್ಷರೂ ಧಾನ್ಯದ ವ್ಯಾಪಾರಿಗಳೂ ಆದ ವಿಶ್ವನಾಥಪ್ಪನವರು, ಸೊಸೆ ದೀಪಾಲಿಯ ಸಮೇತ ಅಧ್ಯಯನ ಪ್ರವಾಸ ಕೈಗೊಂಡು, ಖುದ್ದಾಗಿ ಖಚಿತಪಡಿಸಿಕೊಂಡು ಬಂದಿದ್ದಾರೆ. ಸೊಸೆಯನ್ನು ಕರೆದೊಯ್ದದ್ದು ಸಮಿತಿಯ ನಿಯಮ ಏಳರ ಪ್ರಕಾರ. ನಿಯಮ ಏಳನ್ನು ವಿಮಾನದಲ್ಲಿ ಬರೆಯಲಾಯಿತು.

ಎರಡು ತಾಸು ಹತ್ತಿದ ಮೇಲೆ ಸಿಕ್ಕಿದ್ದು ಸಮತಟ್ಟಾದ ಜಾಗ, ಮೊಣಕಾಲೆತ್ತರದ ನಾಲ್ಕು ಕಲ್ಲು, "ಇಲ್ಲಿ ಕೋಟೆಯಿತ್ತು" ಎಂಬ ಫಲಕ. ಜನ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.

"ಕೋಟಿ ಎಲ್ಲ್ಯದರೀ ಮಾವಾರ?" ಎಂದಳು ದೀಪಾಲಿ.

"ಇದೇ ನೋಡವ್ವ. ಎಷ್ಟ್ ಸ್ವಚ್ಛ ಇಟ್ಟಾರ!"

ಹಿಂದಿರುಗಿದ ಅಧ್ಯಕ್ಷರು ಕಾಸಾರಶಿರಸಿ ಬಳಿಯ ನಮ್ಮ ಗುಡ್ಡ ಹತ್ತಿದರು. ಅಲ್ಲಿ ಹಳೇ ಕೋಟೆಯ ಗೋಡೆ ಇನ್ನೂ ಒಂದೂವರೆ ಆಳೆತ್ತರ ನಿಂತಿರುವುದನ್ನು ಕಂಡು ಸಮಿತಿ ತೀವ್ರ ವಿಷಾದ ವ್ಯಕ್ತಪಡಿಸಿತು. ಅಂತರರಾಷ್ಟ್ರೀಯ ಮಟ್ಟಕ್ಕೆ ಈ ಹಾಳು ಸಾಲದು. ಹೆಚ್ಚುವರಿ ಕಲ್ಲುಗಳನ್ನು ಸುರಕ್ಷತೆಯ ದೃಷ್ಟಿಯಿಂದ ಅಧ್ಯಕ್ಷರ ಹೊಸ ಗೋದಾಮಿಗೆ, ಗೋಡೆಯ ಆಕಾರದಲ್ಲೇ, ಸ್ಥಳಾಂತರಿಸಲು ಠರಾವಾಯಿತು.

ಆ ಗೋಡೆಯೊಳಗೆ ಅಪ್ಪನ ಕಾಲದಿಂದ ರಾತ್ರಿ ಕುರಿ ಕೂಡಿಹಾಕುತ್ತಿದ್ದ ಮಲ್ಲಣ್ಣ ಓಡಿಬಂದ.

"ಸಾವಕಾರ್ರ, ಗೋಡಿ ತೆಗದ್ರ ತ್ವಾಳ ಬರ್ತಾವರೀ. ನನ್ನ ಮರಿ ಒಂದೂ ಉಳ್ಯಾಂಗಿಲ್ಲ."

"ಏ ಮಲ್ಲಣ್ಣ, ನಾ ಕಣ್ಣಾರೆ ನೋಡಿ ಬಂದೀನಿ. ಜಪಾನದಾಗ ತ್ವಾಳೇ ಇಲ್ಲ."

ಮಲ್ಲಣ್ಣ ಜಪಾನ್ ನೋಡಿರಲಿಲ್ಲ.

"ಇಲ್ಲಿ ಗೋಡೆಯಿತ್ತು" ಎಂಬ ಫಲಕವನ್ನು ಕನ್ನಡ, ಮರಾಠಿ, ಜಪಾನಿಗಳಲ್ಲಿ ಬರೆಸಿ ನೆಡಲಾಯಿತು. ತೋಳಗಳು ಮೂರರಲ್ಲಿ ಒಂದನ್ನೂ ಓದದೆ ಮೂರನೇ ದಿನ ಎರಡು ಮರಿ ಹೊತ್ತೊಯ್ದವು. ಮಲ್ಲಣ್ಣನ ಹೆಂಡತಿ ಗುಂಡಮ್ಮ ಸಮಿತಿಯ ಬಾಗಿಲಲ್ಲಿ ಕೂತು ಅತ್ತಳು. ಆ ಅಳುವನ್ನು ಪ್ರವಾಸಿಗರ ಅಭಿಪ್ರಾಯ ಪುಸ್ತಕದಲ್ಲಿ "ಭಾವುಕ ಪ್ರತಿಕ್ರಿಯೆ" ಎಂದು ದಾಖಲಿಸಿದ ಸಮಿತಿ ತಡಮಾಡದೆ ಇನ್ನೊಂದು ಫಲಕ ಹಾಕಿಸಿತು: "ಇಲ್ಲಿ ಎರಡು ಮರಿಗಳಿದ್ದವು."

ಮರುವಾರ ಮಲ್ಲಣ್ಣ ಮತ್ತೆ ಬಂದ. "ಸಾವಕಾರ್ರ, ಅದು ಐದು ಮಾಡ್ರಿ."

ಪದೇ ಪದೇ ಬಣ್ಣ ಹೊಡೆಸುವುದು ದುಂದುವೆಚ್ಚವಾದ್ದರಿಂದ ಈಗ ಅಂಕಿಯ ಜಾಗ ಖಾಲಿ ಬಿಟ್ಟು, ಸೀಮೆಸುಣ್ಣವನ್ನು ಮಲ್ಲಣ್ಣನಿಗೇ ಒಪ್ಪಿಸಲಾಗಿದೆ. ಅವನು ಒಂದು ದಿನವೂ ತಪ್ಪಿಸಿಲ್ಲ. ಗುಂಡಮ್ಮ ಬೆಳಿಗ್ಗೆ ಫಲಕಕ್ಕೆ ಕುಲದೇವರು ಬೀರಪ್ಪನ ಭಂಡಾರದ ಅರಿಶಿನ ಹಚ್ಚುತ್ತಾಳೆ. ಜನ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಕೊನೆಯ ಕುರಿ ಹೋದ ದಿನ ಗುಡ್ಡ ಪೂರ್ತಿ ಜಪಾನಿನಷ್ಟು ಸ್ವಚ್ಛವಾಗುತ್ತದೆಂದೂ, ಅಂದು ಮಲ್ಲಣ್ಣನಿಗೆ ಶಾಲು ಹೊದಿಸಿ ಸತ್ಕಾರ ಮಾಡಲಾಗುವುದೆಂದೂ ಪ್ರಕಟಣೆ ಹೊರಟಿದೆ. ಮಲ್ಲಣ್ಣ ಧೋತರ ಒಗೆದಿಟ್ಟುಕೊಂಡಿದ್ದಾನೆ.